ಖಡಕ್ ಮಾಸ್ತರರು ಮತ್ತು ಮಕ್ಕಳ ಲೆಕ್ಕ

ಶಿಕ್ಷಕರ ಶಿಸ್ತನ್ನು ವಿದ್ಯಾರ್ಥಿಗಳು ಅಳೆಯುವ ಬಗೆಯೇ ಬೇರೆ, ಶಿಕ್ಷಕರು ತಾವೇ ಅಳೆದುಕೊಳ್ಳುವ ಬಗೆಯೇ ಬೇರೆ. ಮಾಸ್ತರರ ಲೆಕ್ಕದಲ್ಲಿ ಶಿಸ್ತೆಂದರೆ ಗದ್ದಲವಿಲ್ಲದ ತರಗತಿ, ಹೊತ್ತಿಗೆ ಸರಿಯಾಗಿ ಬರುವ ಹುಡುಗರು, ತಪ್ಪದೆ ಬರೆದು ತಂದ ಮನೆಗೆಲಸ. ಹುಡುಗರು ನೋಡುವುದು ಇದನ್ನಲ್ಲ. ಬೈಗಳು ಯಾರ ಪಾಲಿಗೆ ಎಷ್ಟು ಬಂತು, ನಿನ್ನೆ ನಗುತ್ತ ಬಿಟ್ಟ ತಪ್ಪಿಗೆ ಇವತ್ತು ಸಿಟ್ಟು ಏಕೆ ಬಂತು, ಗೌಡರ ಮಗ ತಡವಾಗಿ ಬಂದಾಗ ಸರ್ರು ಏನೆಂದರು ಎಂಬುದನ್ನು ಅವರು ದಿನವೂ ಗಮನಿಸುತ್ತಾರೆ. ಬರೆದಿಡದಿದ್ದರೂ ಮರೆಯುವುದಿಲ್ಲ. ಮುಧೋಳ ತಾಲ್ಲೂಕಿನ ತಿಮ್ಮಾಪುರದಂಥ ಊರಲ್ಲಿ ಈ ಗಮನಿಕೆ ಶಾಲೆಯ ಗೇಟಿಗೇ ನಿಲ್ಲುವುದೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಜಾತ್ರೆಯ ತೇರಿನ ಹಿಂದೆ, ಚಹಾದ ಅಂಗಡಿಯಲ್ಲಿ ಮಾಸ್ತರರು ಮಕ್ಕಳ ಕಣ್ಣಿಗೆ ಬೀಳುತ್ತಲೇ ಇರುತ್ತಾರೆ.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೊದಲ ವಾರ ಪಾಠ ಅಷ್ಟಾಗಿ ನಡೆಯುವುದಿಲ್ಲ, ಪರೀಕ್ಷೆ ಮಾತ್ರ ನಡೆಯುತ್ತದೆ. ಪರೀಕ್ಷೆಗೆ ಕೂತವರು ಹೊಸದಾಗಿ ವರ್ಗವಾಗಿ ಬಂದ ಶಿಕ್ಷಕರು, ಅಂಕ ಕೊಡುವವರು ಮಕ್ಕಳು. ಹಾಜರಿ ಕರೆಯುವಾಗ ಸರ್ರು ತಲೆಯೆತ್ತಿ ಮುಖ ನೋಡುತ್ತಾರೋ, ಪುಸ್ತಕದಲ್ಲೇ ಕಣ್ಣಿಟ್ಟು ನಂಬರು ಕೂಗುತ್ತಾರೋ ಎಂದು ಮಕ್ಕಳು ಮೊದಲು ನೋಡುತ್ತಾರೆ. ಹಿಂದಿನ ಸಾಲಿನಿಂದ ಯಾರೋ ದನಿ ಬದಲಿಸಿ ಗೆಳೆಯನ ಹಾಜರಿ ಹೇಳಿದರೆ ಸರ್ರು ನಕ್ಕು ಸುಮ್ಮನಾಗುತ್ತಾರೋ, ಎಬ್ಬಿಸಿ ನಿಲ್ಲಿಸುತ್ತಾರೋ ಎಂಬುದು ಎರಡನೆಯ ಪ್ರಶ್ನೆ. ಬೋರ್ಡು ಒರೆಸಲು ಯಾರನ್ನು ಕರೆಯುತ್ತಾರೆ, ನೀರು ತರಲು ಯಾರನ್ನು ಕಳಿಸುತ್ತಾರೆ ಎಂಬುದೂ ಸೂಕ್ಷ್ಮವಾಗಿ ಲೆಕ್ಕಕ್ಕೆ ಬರುತ್ತದೆ. ಸಂಜೆ ಮನೆ ಮುಟ್ಟುವ ಹೊತ್ತಿಗೆ ತೀರ್ಪು ಸಿದ್ಧ: ‘ಹೊಸಾ ಸರ್ರು ಭಾಳ ಖಡಕ್ ಅದಾರ’ ಅಥವಾ ‘ಏನೂ ಅನ್ನೂದಿಲ್ಲ ಬಿಡಪಾ.’

ಈ ಅವಸರದ ತೀರ್ಪು ಹಳ್ಳಿಯ ಹುಡುಗರ ದೋಷವಲ್ಲ. 1993ರಲ್ಲಿ ನಳಿನಿ ಅಂಬಾಡಿ ಮತ್ತು ರಾಬರ್ಟ್ ರೊಸೆಂಥಾಲ್ ಎಂಬ ಮನೋವಿಜ್ಞಾನಿಗಳು ಕಾಲೇಜು ಬೋಧಕರ ಪಾಠದ ಮೂಕ ವಿಡಿಯೋ ತುಣುಕುಗಳನ್ನು ಅಪರಿಚಿತರಿಗೆ ತೋರಿಸಿದರು. ಹತ್ತು ಹತ್ತು ಸೆಕೆಂಡಿನ ಮೂರು ತುಣುಕು, ಧ್ವನಿಯೇ ಇಲ್ಲ. ಅಷ್ಟು ನೋಡಿ ಅಪರಿಚಿತರು ಕೊಟ್ಟ ಅಂಕಕ್ಕೂ, ಇಡೀ ಅವಧಿ ಪಾಠ ಕೇಳಿದ ವಿದ್ಯಾರ್ಥಿಗಳು ಕೊನೆಗೆ ಕೊಟ್ಟ ಅಂಕಕ್ಕೂ ಗಾಢವಾದ ಹೊಂದಿಕೆ ಕಂಡಿತು. ನಿಲುವು, ಕೈಸನ್ನೆ, ಮುಖದ ಗೆಲುವು ಇವುಗಳಿಂದಲೇ ಅರ್ಧ ತೀರ್ಪು ಆಗಿಬಿಡುತ್ತದೆ ಎಂಬುದು ಇದರ ತಾತ್ಪರ್ಯ. ತರಗತಿ ಮೊದಲ ದಿನ ಸರಿಯಾಗಿಯೇ ಊಹಿಸಿತೋ, ಊಹಿಸಿದ್ದಕ್ಕೆ ತಕ್ಕಂತೆ ವರ್ಷವಿಡೀ ನೋಡಿತೋ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಆ ಪ್ರಶ್ನೆಗೆ ಅದಕ್ಕೂ ಹಳೆಯದಾದ ಒಂದು ಪ್ರಯೋಗ ಸ್ವಲ್ಪ ಉತ್ತರ ಕೊಡುತ್ತದೆ. 1950ರಲ್ಲಿ ಹೆರಾಲ್ಡ್ ಕೆಲ್ಲಿ ಅಮೆರಿಕದ ಎಂ.ಐ.ಟಿ.ಯ ತರಗತಿಗಳಿಗೆ ಹೊಸ ಬೋಧಕರೊಬ್ಬರನ್ನು ಪರಿಚಯಿಸುವ ಚೀಟಿ ಹಂಚಿದ. ಅರ್ಧ ಚೀಟಿಗಳಲ್ಲಿ ಅವರು ತುಂಬ ಆತ್ಮೀಯರೆಂದು ಬರೆದಿತ್ತು, ಉಳಿದರ್ಧದಲ್ಲಿ ಸ್ವಲ್ಪ ಬಿಗುವಿನವರೆಂದು. ಬೋಧಕರು ಒಬ್ಬರೇ, ಪಾಠ ಒಂದೇ. ಆದರೂ ಆತ್ಮೀಯರೆಂದು ಓದಿಕೊಂಡವರಲ್ಲಿ ನೂರಕ್ಕೆ 56 ಮಂದಿ ಚರ್ಚೆಯಲ್ಲಿ ಬಾಯಿಬಿಟ್ಟರೆ, ಬಿಗುವಿನವರೆಂದು ಓದಿಕೊಂಡವರಲ್ಲಿ ಬಾಯಿಬಿಟ್ಟವರು 32. ನಮ್ಮ ಕಡೆ ಚೀಟಿ ಬೇಕಾಗಿಲ್ಲ. ಅಣ್ಣ ಅಕ್ಕಂದಿರು ಕಲಿತ ಶಾಲೆಯಲ್ಲೇ ತಮ್ಮ ತಂಗಿಯರೂ ಕಲಿಯುತ್ತಾರೆ. ಏಳನೆಯ ಇಯತ್ತೆಯ ಮಾಸ್ತರರು ಹೇಗೆಂದು ಐದನೆಯ ಇಯತ್ತೆಯ ಹುಡುಗನಿಗೆ ಎರಡು ವರ್ಷ ಮೊದಲೇ ಗೊತ್ತಿರುತ್ತದೆ. ಖಡಕ್ ಎಂಬ ಹೆಸರು ಒಮ್ಮೆ ಅಂಟಿದರೆ ಆ ಶಿಕ್ಷಕರು ಮೆತ್ತಗೆ ಮಾತಾಡಿದರೂ ಮಕ್ಕಳಿಗೆ ಅದು ಗದರಿಕೆಯಾಗಿಯೇ ಕೇಳಿಸುತ್ತದೆ.

ಒಂದು ಗುಣ ಹಿಡಿಸದಿದ್ದರೆ ಉಳಿದದ್ದೂ ಹಿಡಿಸುವುದಿಲ್ಲ ಎಂಬುದನ್ನು 1977ರಲ್ಲಿ ನಿಸ್‌ಬೆಟ್ ಮತ್ತು ವಿಲ್ಸನ್ ತೋರಿಸಿದರು. ಪರದೇಶದ ಉಚ್ಚಾರದ ಒಬ್ಬರೇ ಬೋಧಕರು ಒಂದು ವಿಡಿಯೋದಲ್ಲಿ ನಗುನಗುತ್ತ, ಇನ್ನೊಂದರಲ್ಲಿ ಬಿರುಸಾಗಿ ಉತ್ತರ ಕೊಟ್ಟಿದ್ದರು. ಬಿರುಸಿನ ವಿಡಿಯೋ ನೋಡಿದವರಿಗೆ ಅವರ ಉಚ್ಚಾರವಷ್ಟೇ ಅಲ್ಲ, ಮುಖಚರ್ಯೆಯೂ ಬೇಸರ ತರಿಸಿತ್ತು. ಮಾಸ್ತರರ ನಡಿಗೆ, ಕೆಮ್ಮು, ಅಂಗಿಯ ಬಣ್ಣ, ಬಾಯಲ್ಲಿ ಪದೇ ಪದೇ ಬರುವ ಒಂದು ಮಾತು ಇವನ್ನೆಲ್ಲ ಹಿಡಿದು ಹುಡುಗರು ಇಡುವ ಅಡ್ಡಹೆಸರುಗಳಿಗೆ ಮೂಲ ಇಲ್ಲಿದೆ. ಪ್ರೀತಿಯ ಮಾಸ್ತರರಿಗೂ ಅಡ್ಡಹೆಸರು ಇರುತ್ತದೆ, ಅದನ್ನು ಅವರೆದುರಿಗೆ ಹೇಳಲು ಮಾತ್ರ ನಾಚುತ್ತಾರೆ.

ಕಟ್ಟುನಿಟ್ಟು ಎಂದು ಒಂದೇ ಹೆಸರಲ್ಲಿ ಕರೆಯುವುದರೊಳಗೆ ಹಲವು ಸಂಗತಿಗಳಿವೆ. ನೆದರ್ಲೆಂಡ್ಸಿನ ಉಟ್ರೆಕ್ಟಿನಲ್ಲಿ ಥಿಯೋ ವುಬ್ಬೆಲ್ಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಪ್ರಶ್ನಾವಳಿ ರೂಪಿಸಿದರು. ಅದರಲ್ಲಿ ಶಿಕ್ಷಕರ ವರ್ತನೆಗೆ ಎಂಟು ಪಾಲು: ಮುಂದಾಳುತನ, ನೆರವಿನ ಗುಣ, ಅರ್ಥಮಾಡಿಕೊಳ್ಳುವಿಕೆ, ಮಕ್ಕಳಿಗೆ ಕೊಡುವ ಸ್ವಾತಂತ್ರ್ಯ, ಅಳುಕು, ಅತೃಪ್ತಿ, ಗದರಿಕೆ, ಕಟ್ಟುನಿಟ್ಟು. ಗದರಿಕೆಯನ್ನೂ ಕಟ್ಟುನಿಟ್ಟನ್ನೂ ಬೇರೆ ಬೇರೆ ಇಟ್ಟದ್ದು ಜಾಣತನ. ದನಿಯೇರಿಸದೆ ಬಿಗಿಯಾಗಿರುವವರಿದ್ದಾರೆ, ದಿನವಿಡೀ ಕೂಗಾಡಿಯೂ ಯಾವ ನಿಯಮವನ್ನೂ ಕಾಯದವರಿದ್ದಾರೆ. ಎರಡನೆಯ ಬಗೆಯವರನ್ನು ಮಕ್ಕಳು ಖಡಕ್ ಎನ್ನುವುದಿಲ್ಲ, ‘ಸಿಟ್ಟಿನ ಸರ್ರು’ ಎನ್ನುತ್ತಾರೆ. ಖಡಕ್ ಎಂಬುದರಲ್ಲಿ ಅಂಜಿಕೆಯ ಜೊತೆ ಸ್ವಲ್ಪ ಮರ್ಯಾದೆಯೂ ಇದೆ, ಸಿಟ್ಟಿನವರೆಂಬುದರಲ್ಲಿ ಬರೀ ಅಂಜಿಕೆ. ಇದೇ ಪ್ರಶ್ನಾವಳಿಯನ್ನು ಶಿಕ್ಷಕರ ಕೈಗೂ ಕೊಟ್ಟು ತಮ್ಮ ಬಗ್ಗೆ ತುಂಬಿಸಿದಾಗ ಬಹುಪಾಲು ಶಿಕ್ಷಕರು ತಮ್ಮನ್ನು ಮಕ್ಕಳು ಕಂಡದ್ದಕ್ಕಿಂತ ಹೆಚ್ಚು ಸ್ನೇಹಪರರೆಂದು ಗುರುತಿಸಿಕೊಂಡಿದ್ದರು.

ಶಿಸ್ತಿನಲ್ಲಿ ಮಕ್ಕಳು ಮೊದಲು ಹುಡುಕುವುದು ಸಮಪಾಲನ್ನು. ಬನಹಟ್ಟಿಯ ನೇಕಾರರ ಓಣಿಯ ಹುಡುಗಿ ಬೆಳಿಗ್ಗೆ ಕಂಡಿಕೆ ಸುತ್ತಿ, ತಮ್ಮನನ್ನು ಅಂಗನವಾಡಿಗೆ ಬಿಟ್ಟು, ಪ್ರಾರ್ಥನೆ ಮುಗಿದ ಮೇಲೆ ಶಾಲೆ ಮುಟ್ಟುತ್ತಾಳೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಬೀಳಗಿಯ ಊರುಗಳಲ್ಲಿ ಕಟಾವಿನ ಗ್ಯಾಂಗಿನ ಸಂಗಡ ಬಂದ ಮಕ್ಕಳು ಕೆಲವು ತಿಂಗಳ ಮಟ್ಟಿಗೆ ತರಗತಿಯ ಹಿಂದೆ ಕೂರುತ್ತಾರೆ. ಊರಿನ ಮಕ್ಕಳೂ ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋಗುವ ದಿನಗಳವು. ಇವರೆಲ್ಲ ತಡವಾದರೆ ಮಾಸ್ತರರು ಏನು ಮಾಡುತ್ತಾರೆಂಬುದನ್ನು ಇಡೀ ತರಗತಿ ಉಸಿರು ಬಿಗಿಹಿಡಿದು ನೋಡುತ್ತದೆ. ಎಲ್ಲರನ್ನೂ ಒಂದೇ ತೆರನಾಗಿ ಬಾಗಿಲ ಹೊರಗೆ ನಿಲ್ಲಿಸಿದರೆ ಅದು ನಿಯಮ. ಯಾಕೆ ತಡವಾಯಿತೆಂದು ಕೇಳಿ ಒಳಗೆ ಕರೆದು, ಹೋದ ಪಾಠವನ್ನು ಮಧ್ಯಾಹ್ನದ ಬಿಡುವಿನಲ್ಲಿ ಬರೆಸಿದರೆ ಅದೂ ನಿಯಮವೇ, ಮಕ್ಕಳು ಅದನ್ನು ಸಡಿಲವೆಂದು ಎಣಿಸುವುದಿಲ್ಲ. ಆದರೆ ಟೆಂಪೋ ಇರುವ ಮನೆಯ ಹುಡುಗ ಹಾಯಾಗಿ ಒಳಬಂದು, ಕಂಡಿಕೆ ಸುತ್ತಿ ಬಂದವಳು ಹೊರಗೆ ನಿಂತ ದಿನ, ಆ ಮಾಸ್ತರರ ಶಿಸ್ತು ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಎಷ್ಟು ಚೆನ್ನಾಗಿ ಲೆಕ್ಕ ಹೇಳಿಕೊಟ್ಟರೂ ಆ ಕಲೆ ಹೋಗುವುದಿಲ್ಲ. ಜಾತಿಯ ಹೆಸರಿನಲ್ಲಿ ಬಂದ ಚುಚ್ಚುಮಾತಂತೂ ಪೆಟ್ಟಿಗಿಂತ ಹೆಚ್ಚು ವರ್ಷ ಬಾಳುತ್ತದೆ.

ಪೆಟ್ಟಿನ ಚರಿತ್ರೆ ಈ ಭಾಗದಲ್ಲಿ ಉದ್ದವಾದದ್ದು. ಹಳ್ಳಿಯ ಹಳೆಯ ಶಾಲೆಗಳಾದ ಐಗಳ ಮಠಗಳ ಕಾಲದಲ್ಲಿ ಕೋದಂಡವಿತ್ತು. ಜಂತಿಗೆ ಕಟ್ಟಿದ ಹಗ್ಗಕ್ಕೆ ಹುಡುಗನನ್ನು ಜೋತುಬಿಡಿಸುತ್ತಿದ್ದ ಆ ಶಿಕ್ಷೆಯ ಹೆಸರು ಕೇಳಿದರೇ ನಡುಗುತ್ತಿದ್ದವರ ಕಥೆಗಳು ಮನೆಮನೆಗಳಲ್ಲಿ ಉಳಿದಿವೆ. ಜಮಖಂಡಿಯ ಪಟವರ್ಧನರ, ಮುಧೋಳದ ಘೋರ್ಪಡೆಯವರ ಸಂಸ್ಥಾನಗಳಲ್ಲಿ ಹೊಸ ಮಾದರಿಯ ಶಾಲೆಗಳು ಬಂದ ಮೇಲೆ ಕೋದಂಡ ಹೋಗಿ ಛಡಿ ಬಂತು. ಮುಲ್ಕಿ ಪರೀಕ್ಷೆಯ ಕಾಲದ ಮಾಸ್ತರರ ಚಿತ್ರದಲ್ಲಿ ಧೋತರ, ಕರಿ ಟೊಪ್ಪಿಗೆಯ ಜೊತೆಗೆ ಛಡಿಯೂ ಸೇರಿಕೊಂಡದ್ದು ಹೀಗೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಅದರ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅದಕ್ಕೆ ಮೂರು ವರ್ಷ ಮುಂಚೆ, 2007ರಲ್ಲಿ, ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಶಾಲೆಗೆ ಹೋಗುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಶಾಲೆಯಲ್ಲಿ ಪೆಟ್ಟು ತಿಂದದ್ದಾಗಿ ಹೇಳಿದ್ದರು.

ಪಾಲಕರ ಮಾತು ಈ ಕಾಯ್ದೆಗೆ ಇನ್ನೂ ಪೂರ್ತಿ ಒಗ್ಗಿಲ್ಲ. ‘ಎರಡು ಕಣ್ಣು ಬಿಟ್ಟು ಎಲ್ಲಿ ಬೇಕಾದಲ್ಲಿ ಹೊಡೀರಿ ಸರ್’ ಎಂದು ಮಗನನ್ನು ಒಪ್ಪಿಸಿ ಹೋಗುವ ತಂದೆ ಇವತ್ತಿಗೂ ಸಿಗುತ್ತಾರೆ. ಅವರ ಲೆಕ್ಕದಲ್ಲಿ ಅದು ವಿಶ್ವಾಸದ ಮಾತು. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವ ಹುಡುಗನಿಗೆ ಮಾತ್ರ ಶಾಲೆ, ಮನೆ ಎರಡೂ ಒಂದೇ ಕಡೆಯಾದಂತೆ ಕಾಣುತ್ತದೆ. ದೂರು ಹೇಳಲು ಮೂರನೆಯ ಜಾಗವಿಲ್ಲ.

ನೋವೇ ಮುಖ್ಯವಾಗಿದ್ದರೆ ಗರಡಿ ಮನೆಗಳು ಎಂದೋ ಖಾಲಿಯಾಗಬೇಕಿತ್ತು. ಜಮಖಂಡಿ, ಮುಧೋಳ, ಮಹಾಲಿಂಗಪುರದ ಕಡೆ ಕುಸ್ತಿಯ ಹುಚ್ಚು ಹಳೆಯದು. ಕೆಂಪು ಮಣ್ಣಿನ ಅಖಾಡದಲ್ಲಿ ವಸ್ತಾದರು ಹುಡುಗರಿಂದ ನೂರಾರು ಬಸ್ಕಿ ಹೊಡೆಸುತ್ತಾರೆ, ದಂಡ ತೆಗೆಸುತ್ತಾರೆ, ಸೋಮಾರಿತನ ಕಂಡರೆ ಬೆನ್ನಿಗೆ ಒಂದು ಕೊಡುತ್ತಾರೆ. ಹುಡುಗರು ಅದನ್ನು ಓಣಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಾರೆ. ಅದೇ ಹುಡುಗ ಶಾಲೆಯಲ್ಲಿ ಹತ್ತು ಬಸ್ಕಿ ಹೊಡೆದರೆ ಮನೆಯಲ್ಲಿ ಬಾಯಿಬಿಡುವುದಿಲ್ಲ. ತೊಡೆಗೆ ಎರಡೂ ಒಂದೇ, ಗರಡಿಯದ್ದು ಹಗುರವೇನಲ್ಲ. ಆದರೆ ಗರಡಿಯಲ್ಲಿ ಬಸ್ಕಿ ಎಲ್ಲರಿಗೂ ಇದೆ, ವಸ್ತಾದರೂ ತಮ್ಮ ಕಾಲದಲ್ಲಿ ಹೊಡೆದವರೇ, ಅದು ತನ್ನ ಮೈಕಟ್ಟಿಗಾಗಿ ಎಂದು ಹುಡುಗನಿಗೆ ಗೊತ್ತು. ಶಾಲೆಯ ಬಸ್ಕಿ ಒಬ್ಬನಿಗೆ, ಹುಡುಗಿಯರೂ ನೋಡುತ್ತಿರುವಾಗ, ಲೆಕ್ಕ ಬಾರದ್ದಕ್ಕೆ. ಬಸ್ಕಿ ಹೊಡೆದರೆ ಲೆಕ್ಕ ಬರುವುದಿಲ್ಲ ಎನ್ನುವುದೂ ಅವನಿಗೆ ಗೊತ್ತು. ಶಿಕ್ಷೆಯ ತೂಕವನ್ನು ಮಕ್ಕಳು ಹೀಗೆ ಅದರ ಅರ್ಥದಿಂದ ಅಳೆಯುತ್ತಾರೆ. ಗರಡಿಯ ಪೆಟ್ಟು ಹಾಗಾದರೆ ಸರಿಯೇ ಎಂದು ಕೇಳಿದರೆ, ಅದೂ ಸರಿಯಲ್ಲ. ಮಕ್ಕಳು ಒಪ್ಪಿಕೊಂಡ ಮಾತ್ರಕ್ಕೆ ಪೆಟ್ಟು ಪಾಠವಾಗುವುದಿಲ್ಲ.

ಅಂಜಿಕೆಯಿಂದ ಕೆಲಸ ನಡೆಯುವುದಂತೂ ನಿಜ, ಅಂಜಿಸುವವರು ಎದುರಿಗಿರುವವರೆಗೆ. 1939ರಲ್ಲಿ ಪ್ರಕಟವಾದ ಕರ್ಟ್ ಲೆವಿನ್, ಲಿಪಿಟ್ ಮತ್ತು ವೈಟ್ ಅವರ ಪ್ರಯೋಗದಲ್ಲಿ ಹತ್ತು ವರ್ಷದ ಹುಡುಗರ ಗುಂಪುಗಳನ್ನು ಮೂರು ಬಗೆಯ ಹಿರಿಯರು ನಡೆಸಿದ್ದರು: ಎಲ್ಲವನ್ನೂ ತಾವೇ ಆಜ್ಞಾಪಿಸುವವರು, ಹುಡುಗರೊಡನೆ ಕೂಡಿ ತೀರ್ಮಾನಿಸುವವರು, ಏನೂ ಹೇಳದೆ ಬಿಟ್ಟುಬಿಡುವವರು. ಆಜ್ಞಾಪಿಸುವವರ ಗುಂಪು ಕೆಲಸ ಮಾಡುತ್ತಿತ್ತು, ಆದರೆ ಹಿರಿಯರು ಕೋಣೆಯಿಂದ ಹೊರಗೆ ಹೋದೊಡನೆ ಕೈ ನಿಲ್ಲುತ್ತಿತ್ತು. ಕೂಡಿ ತೀರ್ಮಾನಿಸಿದ ಗುಂಪಿನಲ್ಲಿ ಕೆಲಸ ಹೆಚ್ಚುಕಡಿಮೆ ಮುಂದುವರಿಯುತ್ತಿತ್ತು. ಬಿಟ್ಟುಬಿಟ್ಟ ಗುಂಪಿನಲ್ಲಿ ಮೊದಲಿಂದಲೂ ಕೆಲಸ ಕಡಿಮೆಯೇ. ಏನೂ ಅನ್ನದ ಮಾಸ್ತರರನ್ನು ಮಕ್ಕಳು ಮೊದಮೊದಲು ಮೆಚ್ಚುತ್ತಾರೆ. ಸಹಾಮಾಹಿ, ಅಂದರೆ ಅರ್ಧವಾರ್ಷಿಕ, ಪರೀಕ್ಷೆ ಬರುವಷ್ಟರಲ್ಲಿ ಪಾಠ ಆಗಿಲ್ಲವೆಂದು ಗೊಣಗುವವರೂ ಅವರೇ.

ವಯಸ್ಸಿನೊಂದಿಗೆ ನೋಟವೂ ಬದಲಾಗುತ್ತದೆ. ಮೂರನೆಯ ನಾಲ್ಕನೆಯ ಇಯತ್ತೆಯ ಮಗುವಿಗೆ ಶಿಕ್ಷಕರ ದನಿಯೇ ಶಿಸ್ತು. ಹೈಸ್ಕೂಲಿನಲ್ಲಿ ಗೆಳೆಯರೆದುರು ಮಾನ ಉಳಿಯಬೇಕೆಂಬುದು ಎಲ್ಲಕ್ಕಿಂತ ಮೇಲೆ. ಆ ವಯಸ್ಸಿನಲ್ಲಿ ಒಬ್ಬನೇ ಇರುವಾಗ ಕರೆದು ಬೈದದ್ದನ್ನು ಹುಡುಗ ನುಂಗಿಕೊಳ್ಳುತ್ತಾನೆ, ತರಗತಿಯಲ್ಲಿ ಆಡಿದ ಚಿಕ್ಕ ವ್ಯಂಗ್ಯವನ್ನು ನುಂಗಿಕೊಳ್ಳುವುದಿಲ್ಲ. ಪಿ.ಯು.ಸಿ.ಗೆ ಬರುವ ಹೊತ್ತಿಗೆ ಶಿಕ್ಷಕರಿಗೆ ವಿಷಯ ಬರುತ್ತದೋ ಇಲ್ಲವೋ ಎಂಬುದೇ ತೀರ್ಪಿನ ಮೂಲ. ವಿಷಯ ಬಲ್ಲವರ ಬಿರುಸನ್ನು ಸಹಿಸುತ್ತಾರೆ, ಬಾರದವರ ಬಿರುಸನ್ನು ಕಾರಿಡಾರಿನಲ್ಲಿ ನಕ್ಕು ಮುಗಿಸುತ್ತಾರೆ.

ಎಸ್ಸೆಸ್ಸೆಲ್ಸಿ ವರ್ಷದ ಬಿಗಿ ಇನ್ನೊಂದು ಬಗೆಯದು. ಅದರ ಒತ್ತಡ ಮೇಲಿನಿಂದ ಬರುತ್ತದೆ. 2024ರಲ್ಲಿ ಪರೀಕ್ಷಾ ಕೊಠಡಿಗಳ ವೆಬ್‌ಕಾಸ್ಟಿಂಗ್ ಶುರುವಾದ ವರ್ಷ ರಾಜ್ಯದ ಫಲಿತಾಂಶ ಹಿಂದಿನ ಸಾಲಿನ 83.89ರಿಂದ ಶೇಕಡಾ 73.40ಕ್ಕೆ ಇಳಿಯಿತು. ಅದರ ಬಿಸಿ ತಟ್ಟಿದ್ದು ಶಾಲೆಗಳಿಗೆ. ಬೆಳಗಿನ ವಿಶೇಷ ತರಗತಿ, ರಾತ್ರಿ ಮನೆ ಭೇಟಿ, ನಸುಕಿನ ಐದಕ್ಕೆ ತಂದೆಯ ಮೊಬೈಲಿಗೆ ಮಾಸ್ತರರ ಫೋನು, ‘ಎದ್ದಾನೇನ್ರಿ?’ ಇದು ಕಿರಿಕಿರಿಯ ಶಿಸ್ತೇ. ಆದರೂ ತನ್ನೊಬ್ಬನ ಸಲುವಾಗಿ ಇನ್ನೊಬ್ಬರು ಐದಕ್ಕೆ ಏಳುತ್ತಿದ್ದಾರೆಂಬುದು ಹುಡುಗನಿಗೆ ತಿಳಿಯದೆ ಇರುವುದಿಲ್ಲ.

ಶಿಕ್ಷಕರ ವ್ಯಕ್ತಿತ್ವದ ಮಾತು ಬಂದಾಗ ಮುಧೋಳದವರು ರನ್ನನನ್ನು ನೆನೆಯುತ್ತಾರೆ. 949ರಲ್ಲಿ ಇಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿ ವಿದ್ಯೆಗಾಗಿ ದೂರದ ಶ್ರವಣಬೆಳಗೊಳಕ್ಕೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದ. ಗುರುವನ್ನು ಶಿಷ್ಯ ಆರಿಸಿಕೊಂಡ ಕಾಲವದು. ಈಗ ಶಿಕ್ಷಕರನ್ನು ಊರಿಗೆ ಕಳಿಸುವುದು ವರ್ಗಾವಣೆಯ ಕೌನ್ಸೆಲಿಂಗು. ಆರಿಸಿಕೊಳ್ಳದ ಗುರುವನ್ನು ಒಪ್ಪಿಕೊಳ್ಳಲು ಮಕ್ಕಳು ಕಾರಣ ಹುಡುಕಬೇಕಾಗುತ್ತದೆ. ಸಿಗುವ ಕಾರಣಗಳು ಒಂದೇ ಬಗೆಯವಲ್ಲ ಎನ್ನಲು ಕರ್ನಾಟಕದ ಇಬ್ಬರು ಅಧ್ಯಾಪಕರ ಹೆಸರು ಸಾಕು. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯ ಕಟ್ಟುನಿಟ್ಟಿಗೆ ಹೆಸರಾದವರು. 1935ರಲ್ಲಿ ಓದಲೆಂದು ಗೌರಿಬಿದನೂರಿನ ಕಡೆಯ ತಮ್ಮ ಊರಿನಿಂದ ಬೆಂಗಳೂರಿಗೆ ನಡೆದೇ ಬಂದವರು, ಕಾಲೇಜಿನ ಪ್ರಿನ್ಸಿಪಾಲರಾದರೂ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರೂ ವಿದ್ಯಾರ್ಥಿನಿಲಯದ ಕೋಣೆ ಬಿಡಲಿಲ್ಲ. ಹುಡುಗರಿಗೆ ಹೇಳಿದ ಸರಳತೆ ಅವರ ಮೈಮೇಲಿನ ಖಾದಿಯಲ್ಲೇ ಕಾಣುತ್ತಿತ್ತು, ಹಾಗಾಗಿ ಬಿಗಿ ಅಪ್ಪಣೆಯಾಗಿ ಕೇಳಿಸಲಿಲ್ಲ. ಮೈಸೂರಿನ ಟಿ.ಎಸ್. ವೆಂಕಣ್ಣಯ್ಯನವರು ಮೃದು ಸ್ವಭಾವದವರು. 1939ರಲ್ಲಿ ಅವರು ತೀರಿಕೊಂಡು ಹತ್ತು ವರ್ಷವಾದ ಮೇಲೆ ಬಂದ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಆ ಗುರುವಿಗೆ.

ಅಕ್ಕೋರುಗಳ, ಅಂದರೆ ಶಿಕ್ಷಕಿಯರ, ವಿಷಯದಲ್ಲಿ ಮಕ್ಕಳ ತಕ್ಕಡಿ ಕೊಂಚ ಓರೆ. ಸರ್ರು ಬಿಗಿಯಾಗಿದ್ದರೆ ಖಡಕ್, ಅಷ್ಟೇ ಬಿಗಿಯ ಅಕ್ಕೋರಿಗೆ ‘ಜೋರು ಅದಾರ’ ಎಂಬ ಬಿರುದು. ಸಿಟ್ಟು ಮಾಡಿದರೆ ಮನೆಯ ತಾಪ ಇಲ್ಲಿ ತೀರಿಸುತ್ತಾರೆಂಬ ಪಿಸುಮಾತು ಬೇರೆ. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗದಲ್ಲಿ ಆನ್‌ಲೈನ್ ತರಗತಿಯ ಬೋಧಕರ ಹೆಸರನ್ನು ಅದಲುಬದಲು ಮಾಡಲಾಗಿತ್ತು. ತಿದ್ದಿದ ಉತ್ತರಗಳು ಒಂದೇ ಹೊತ್ತಿಗೆ ಮರಳಿ ಬಂದರೂ, ಬೋಧಕರು ಹೆಣ್ಣೆಂದು ನಂಬಿದವರು ಹೊತ್ತುಪಾಲನೆಗೆ ಕಡಿಮೆ ಅಂಕ ಕೊಟ್ಟಿದ್ದರು. ಈ ಓರೆ ಮಕ್ಕಳಿಗೆ ಮನೆಯಿಂದ ಬರುತ್ತದೆ, ಓಣಿಯಿಂದ ಬರುತ್ತದೆ.

ಶಾಲೆ ಬಿಟ್ಟು ಇಪ್ಪತ್ತು ಮೂವತ್ತು ವರ್ಷವಾದ ಮೇಲೆ ತೀರ್ಪು ಮತ್ತೊಮ್ಮೆ ಬರೆಯಲ್ಪಡುತ್ತದೆ. ಬಾಗಲಕೋಟೆ ಜಿಲ್ಲೆಯ ಊರೂರಲ್ಲಿ ಈಗ ಗುರುವಂದನೆ ಮತ್ತು ಸ್ನೇಹ ಸಮ್ಮಿಲನದ ಸಮಾರಂಭಗಳು ನಡೆಯುತ್ತವೆ. ಒಂದು ಸಾಲಿನ ಎಸ್ಸೆಸ್ಸೆಲ್ಸಿಯವರು ವಾಟ್ಸ್‌ಆ್ಯಪ್ ಗುಂಪು ಕಟ್ಟಿ, ವರ್ಗಣಿ ಕೂಡಿಸಿ, ನಿವೃತ್ತ ಮಾಸ್ತರರನ್ನು ಹುಡುಕಿ ತರುತ್ತಾರೆ. ಡೊಳ್ಳಿನ ಮೆರವಣಿಗೆ, ಪಾದಪೂಜೆ, ಶಾಲು, ಹಾರ, ಮಧ್ಯಾಹ್ನ ಹುಗ್ಗಿ. ಭಾಷಣಕ್ಕೆ ನಿಂತವರು, ಸೈನ್ಯದಿಂದ ರಜೆಗೆ ಬಂದವರಿರಲಿ, ಪುಣೆಯಲ್ಲಿ ಎಂಜಿನಿಯರ್ ಆದವರಿರಲಿ, ಆಡುವ ಮಾತು ಹೆಚ್ಚುಕಡಿಮೆ ಒಂದೇ: ಅಂದು ಸರ್ರು ಹೊಡೆದದ್ದಕ್ಕೇ ಇಂದು ಹೀಗಾದೆವು. ಚಪ್ಪಾಳೆ ಬೀಳುತ್ತದೆ, ಮುದುಕರಾದ ಮಾಸ್ತರರ ಕಣ್ಣು ತುಂಬುತ್ತದೆ. ಅದು ಸುಳ್ಳಲ್ಲ. ಅರ್ಧ ಲೆಕ್ಕ ಮಾತ್ರ. ಅದೇ ಛಡಿಗೆ ಅಂಜಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವನು ಆ ವಾಟ್ಸ್‌ಆ್ಯಪ್ ಗುಂಪಿನಲ್ಲಿಲ್ಲ, ವೇದಿಕೆಗೂ ಬರುವುದಿಲ್ಲ. ಪೆಟ್ಟಿನಿಂದ ಉದ್ಧಾರವಾದವರ ಸಾಕ್ಷಿಗೆ ಮೈಕಿದೆ, ಪೆಟ್ಟಿನಿಂದ ಶಾಲೆ ತೊರೆದವರ ಸಾಕ್ಷಿಯನ್ನು ಯಾರೂ ಕೇಳಿಲ್ಲ. ಇನ್ನೂ ಒಂದು ಸಂಗತಿ: ಸನ್ಮಾನದ ಪಟ್ಟಿಯಲ್ಲಿ ಹೆಸರು ಬರುವ ಖಡಕ್ ಮಾಸ್ತರರೆಲ್ಲ ಹೊಡೆಯುವುದರ ಜೊತೆಗೆ ಫೀ ತುಂಬಿದವರು, ಪುಸ್ತಕ ಕೊಡಿಸಿದವರು, ಜ್ವರ ಬಂದಾಗ ಮನೆಗೆ ಬಂದು ನೋಡಿದವರು. ಬರೀ ಹೊಡೆದವರಿಗೆ ಕರೆ ಹೋಗಿರುವುದಿಲ್ಲ. ಭಾಷಣದಲ್ಲಿ ಮಾತ್ರ ಛಡಿಯ ಹೆಸರೇ ಮುಂದೆ ಬರುತ್ತದೆ.

ಓದುತ್ತಿರುವಾಗಲೇ ಮಕ್ಕಳು ತಮ್ಮ ತೀರ್ಪನ್ನು ಹೇಳಲು ಇರುವ ದಾರಿಗಳು ಕೆಲವೇ. ಕಾಲೇಜುಗಳಲ್ಲಿ ನ್ಯಾಕ್ ಮೌಲ್ಯಮಾಪನದ ನಿಮಿತ್ತ ವಿದ್ಯಾರ್ಥಿಗಳಿಂದ ಅಭಿಪ್ರಾಯದ ನಮೂನೆ ತುಂಬಿಸುವ ಪದ್ಧತಿ ಬಂದಿದೆ. ಹೆಸರು ಬರೆಯಬೇಕಿಲ್ಲವೆಂದರೂ ಅಕ್ಷರದಿಂದ ಗುರುತು ಸಿಗುತ್ತದೆಂದು ಹೆಚ್ಚಿನವರು ಎಲ್ಲಕ್ಕೂ ‘ಉತ್ತಮ’ ಎಂದು ಗುರುತು ಹಾಕುತ್ತಾರೆ. ಹೈಸ್ಕೂಲುಗಳಲ್ಲಿ ದೂರಿನ ಪೆಟ್ಟಿಗೆ ಇಡಬೇಕೆಂಬ ಸೂಚನೆಯಿದೆ; ಪೆಟ್ಟಿಗೆ ಹೆಡ್‌ಮಾಸ್ತರರ ಕೋಣೆಯ ಗೋಡೆಗಿದ್ದರೆ ಚೀಟಿ ಬೀಳುವುದಿಲ್ಲ. 1098 ಸಹಾಯವಾಣಿಯ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ಬರೆಸಿರುತ್ತಾರೆ. ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಯನ್ನೂ ನಡೆಸುತ್ತವೆ. ಅಲ್ಲಿ ಮಕ್ಕಳು ಎದ್ದುನಿಂತು ಶೌಚಾಲಯ, ಕುಡಿಯುವ ನೀರು, ಕಂಪೌಂಡು, ಬಸ್ಸಿನ ಹೊತ್ತು ಇವನ್ನೆಲ್ಲ ದಿಟ್ಟವಾಗಿ ಕೇಳುತ್ತಾರೆ. ಮಾಸ್ತರರ ಸ್ವಭಾವದ ಪ್ರಶ್ನೆ ಅಲ್ಲಿ ಏಳುವುದು ಅಪರೂಪ. ಯಾವ ಪ್ರಶ್ನೆ ಕೇಳಬೇಕೆಂದು ಮಕ್ಕಳಿಗೆ ಹಿಂದಿನ ದಿನ ಬರೆದುಕೊಟ್ಟವರು ಬಹಳ ಕಡೆ ಆ ಮಾಸ್ತರರೇ ಆಗಿರುತ್ತಾರೆ.